ಮಗಳು ಇಂಗ್ಲಿಷ್ ಓದುತ್ತಾಳೆ, ಅರ್ಥ ಕೇಳಿದರೆ ಗೊತ್ತಿಲ್ಲ ಎನ್ನುತ್ತಾಳೆ. ನಿಮಗೆಲ್ಲ ಹೇಗೆ ಬಂತು?

ಸಾಲಗಾಮೆ ರಸ್ತೆ (ಹಾಸನ)

ಮಗಳು ನಾಲ್ಕನೆಯ ತರಗತಿ, ಇಂಗ್ಲಿಷ್ ಮಾಧ್ಯಮ. ನಿನ್ನೆ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ರೈತನ ಪಾಠವನ್ನು ಜೋರಾಗಿ ಓದುತ್ತಿದ್ದಳು. ನಾನು ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದೆ. ಎಲ್ಲೂ ತಡವರಿಸಲಿಲ್ಲ. 'ಪ್ಲೌ' ಎಂಬ ಪದವನ್ನು, ಕೊನೆಯ ಎರಡು ಅಕ್ಷರಗಳನ್ನು ನುಂಗಿಕೊಂಡು, ನನಗಿಂತ ಚೆನ್ನಾಗಿಯೇ ಹೇಳಿದಳು. ಹಾಗೆಂದರೆ ಏನಮ್ಮ ಎಂದು ಕೇಳಿದೆ. "ಅದು ಪ್ರಶ್ನೆಯಲ್ಲಿ ಬರುವುದಿಲ್ಲ ಅಮ್ಮ" ಎಂದಳು.

ಪುಸ್ತಕ ತೆಗೆದುಕೊಂಡು ನೋಡಿದರೆ ಅವಳು ಹೇಳಿದ್ದು ನಿಜ. ಪುಟದ ತುಂಬ ಪೆನ್ಸಿಲ್ ಗುರುತು: ಒಂದನೆಯ ಪ್ರಶ್ನೆಯ ಉತ್ತರ ಇಲ್ಲಿಂದ ಇಲ್ಲಿಯವರೆಗೆ, ಎರಡನೆಯದು ಅಲ್ಲಿಂದ ಅಲ್ಲಿಯವರೆಗೆ. ನೇಗಿಲು ಯಾವ ಗುರುತಿನ ಒಳಗೂ ಬಿದ್ದಿರಲಿಲ್ಲ. ದುದ್ದದಲ್ಲಿ ನಮ್ಮ ಅತ್ತೆಯ ಮನೆಯ ಅಟ್ಟದ ಮೇಲೆ ಮರದ ನೇಗಿಲೊಂದು ಇದೆ. ಈ ಹುಡುಗಿ ರಜೆಯಲ್ಲಿ ಅದರ ಹಿಂದೆಯೇ ಬಚ್ಚಿಟ್ಟುಕೊಂಡು ಆಡುತ್ತಾಳೆ.

ಶಾಲೆಯಲ್ಲಿ ಕೇಳಿದ್ದಕ್ಕೆ ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತನಾಡಿ ಎಂದರು. ನನ್ನ ಇಂಗ್ಲಿಷ್ ಮನೆಯಲ್ಲಿ ಆಡುವಂಥದ್ದಲ್ಲ. ಬ್ಯಾಂಕಿನ ಅರ್ಜಿ ತುಂಬುತ್ತೇನೆ, ವಾಟ್ಸಾಪಿನಲ್ಲಿ ಬಂದದ್ದನ್ನು ಓದುತ್ತೇನೆ, ಅಷ್ಟೇ. ಒಂದು ವಾರ ಪ್ರಯತ್ನಿಸಿದೆ. ಬಾ, ಹೋಗು, ತಿನ್ನು, ಮಲಗು ಎನ್ನುವಷ್ಟಕ್ಕೆ ನನ್ನ ಸರಕು ಮುಗಿಯಿತು. ಮಗಳ ಜೊತೆ ಹರಟುವುದೇ ನಿಂತುಹೋಯಿತು.

ಇಲ್ಲಿರುವವರಲ್ಲಿ ಹೆಚ್ಚಿನವರು ನನ್ನಂತೆ ಕನ್ನಡ ಶಾಲೆಯವರು. ಈಗ ಇಂಗ್ಲಿಷಿನಲ್ಲಿ ಕೆಲಸ ಮಾಡುತ್ತಿದ್ದೀರಿ. ನಿಮಗೆ ಅದು ಎಲ್ಲಿ, ಹೇಗೆ ಬಂತು ಎಂಬುದನ್ನು ದಯವಿಟ್ಟು ಇದ್ದ ಹಾಗೆ ಹೇಳಿ. ಉಪದೇಶ ಬೇಡ.

ಕಾಫಿಕಣ (ಮೂಡಿಗೆರೆ)

ಅಕ್ಕ, ನನಗೆ ಇಂಗ್ಲಿಷ್ ಕಲಿಸಿದ್ದು ಔಷಧಿಯ ಡಬ್ಬಿ.

ಅಪ್ಪ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಲೆಕ್ಕ, ಮಸ್ಟರ್ ಎಲ್ಲವನ್ನೂ ಕನ್ನಡದಲ್ಲಿ ಮುತ್ತಿನಂತೆ ಬರೆಯುತ್ತಿದ್ದರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದು ಅವರಿಂದ ಆಗುತ್ತಿರಲಿಲ್ಲ. ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣವೇನೋ ಬಾಯಿಪಾಠ: ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಹೊಸ ಡಬ್ಬಿಗಳು ಬಂದಾಗ ಕಷ್ಟ ಶುರುವಾಯಿತು. ಇರುವೆ ಸಾಲಿನಂಥ ಸಣ್ಣ ಅಕ್ಷರಗಳನ್ನು ಆರನೆಯ ತರಗತಿಯ ನಾನು ಓದಿ ಹೇಳಬೇಕು. ಒಂದು ಸೊನ್ನೆ ಹೆಚ್ಚು ಕಡಿಮೆಯಾದರೆ ಎಲೆ ಸುಟ್ಟುಹೋಗುತ್ತದೆ ಎಂದು ಅಪ್ಪ ಪಕ್ಕದಲ್ಲೇ ನಿಂತಿರುತ್ತಿದ್ದರು. ಪರೀಕ್ಷೆಯಲ್ಲಿ ನಾನು ಎಂದೂ ಅಷ್ಟು ಗಮನವಿಟ್ಟು ಓದಿದವನಲ್ಲ. 'ಡೈಲ್ಯೂಟ್', 'ಅವಾಯ್ಡ್', 'ಇಮ್ಮೀಡಿಯೆಟ್ಲಿ' ಇವೆಲ್ಲ ನನಗೆ ಆ ಡಬ್ಬಿಗಳಿಂದ ಬಂದ ಪದಗಳು.

ಇನ್ನು ಕೆಲವು ಪದಗಳು ಇಂಗ್ಲಿಷ್ ಎಂದೇ ಗೊತ್ತಿರಲಿಲ್ಲ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರು, ಸುಲಿದು ಒಣಗಿಸಿದ ಪಾರ್ಚ್‌ಮೆಂಟು, ಕೂಲಿಯವರ ಲೈನ್ ಮನೆ, ಔಟ್‌ಟರ್ನು. ಐವತ್ತು ಕಿಲೋ ಚೆರ್ರಿ (ಇಡಿಯಾಗಿ ಒಣಗಿಸಿದ ಹಣ್ಣು) ಚೀಲದಲ್ಲಿ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬುದು ಔಟ್‌ಟರ್ನು. ಅದನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಬ್ಲಾಸಮ್ ಅಂತೂ ಶುದ್ಧ ಕನ್ನಡ ಎಂದೇ ನಂಬಿದ್ದೆ. ಮಾರ್ಚ್ ಏಪ್ರಿಲಿನಲ್ಲಿ ಮಳೆ ಬೀಳುತ್ತದೆ, ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎಲ್ಲರೂ ಎಲ್ಲರಿಗೂ "ಬ್ಲಾಸಮ್ ಆಯಿತೇ" ಎಂದು ಕೇಳುತ್ತಾರೆ. ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಪದ್ಯದಲ್ಲಿ ಆ ಪದ ಕಂಡಾಗ, ಈ ಕವಿಯೂ ಪ್ಲಾಂಟರ್ ಇರಬೇಕು ಎಂದುಕೊಂಡೆ.

ತೆಂಗಿನ ಸೀಮೆ (ಅರಸೀಕೆರೆ)

ಮೇಲಿನವರು ಡಬ್ಬಿ ಓದಿ ಕಲಿತರು. ನಾನು ರಜಾ ಚೀಟಿಯಲ್ಲೇ ಉಳಿದೆ. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು ಜ್ವರದ ಚೀಟಿಯೊಂದನ್ನೇ. ಕೆಲಸಕ್ಕೆ ಸೇರಿದ ಮೇಲೆ ತಂಗಿಯ ಮದುವೆಗೂ ಜ್ವರವೆಂದೇ ಬರೆದು ರಜೆ ಹಾಕಿದ್ದೇನೆ. ಬೇರೆ ಕಾರಣಕ್ಕೆ ಇಂಗ್ಲಿಷ್ ಗೊತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು (ಚನ್ನರಾಯಪಟ್ಟಣ)

ತಾಯಿ, ನಿಮ್ಮ ಮಗಳ ಪುಸ್ತಕದ ಪೆನ್ಸಿಲ್ ಗುರುತಿನ ವಿಷಯ ಓದಿ ನಗು ಬಂತು. ನಮ್ಮ ಕಾಲದ ಪೆನ್ಸಿಲ್ ಗುರುತು ಬೇರೆ. ಇಂಗ್ಲಿಷ್ ಸಾಲಿನ ನೆತ್ತಿಯ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಬರೆದುಕೊಳ್ಳುತ್ತಿದ್ದರು. ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಇಡೀ ತರಗತಿಗೆ ರಬ್ಬರ್ ಹಂಚಿ ಅಳಿಸುವ ಕೆಲಸ. ಅವರು ಬಂದು ಹೋದ ಮಧ್ಯಾಹ್ನವೇ ಅವೆಲ್ಲ ಮತ್ತೆ ಹುಟ್ಟಿಕೊಳ್ಳುತ್ತಿದ್ದವು.

ಮಕ್ಕಳದು ತಪ್ಪಲ್ಲ. ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ, ಓದಿದ್ದನ್ನೇ ಬರೆಯುತ್ತೇವೆ. ಇಪ್ಪತ್ತಾರೇ ಅಕ್ಷರ, ಬೇಗ ಮುಗಿಯುತ್ತದೆ ಎಂದು ಹಿಗ್ಗಿದ ಮಗು ಮೊದಲ ವಾರದಲ್ಲೇ ಮೋಸ ಹೋಗುತ್ತದೆ. 'ಲಾಫ್' ಎಂಬುದನ್ನು ನನ್ನ ವಿದ್ಯಾರ್ಥಿಯೊಬ್ಬ ವರ್ಷವಿಡೀ 'ಲಾಘ್' ಎಂದೇ ಓದಿದ, ಮಹಾಪ್ರಾಣ ಸಮೇತ. ಅಕ್ಷರಕ್ಕೆ ನಿಷ್ಠನಾಗಿದ್ದವನು ಅವನೊಬ್ಬನೇ ಎಂದು ಈಗ ಅನಿಸುತ್ತದೆ.

ನಾನು ಸೇವೆಗೆ ಸೇರಿದಾಗ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಐದನೆಯ ತರಗತಿಯಿಂದ ಇತ್ತು. ಒಂದನೆಯ ತರಗತಿಗೆ ಅದು ಬಂದದ್ದು 2007–08ರಲ್ಲಿ. ನನ್ನ ಪದವಿ ಕನ್ನಡದ್ದು. ಶಾಲೆಯಲ್ಲಿ ಬೇರೆ ಯಾರೂ ಇಲ್ಲವೆಂದು ಇಂಗ್ಲಿಷ್ ನನ್ನ ಕೊರಳಿಗೆ ಬಿತ್ತು. ಹತ್ತು ವರ್ಷ ನಾನೂ ಎಲ್ಲರಂತೆ ಪಾಠ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಉತ್ತರ ಬರೆಸಿ ಕೈ ತೊಳೆದುಕೊಂಡೆ. ಅಷ್ಟರಲ್ಲಿ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ಮೂವತ್ತು ದಿನದ ತರಬೇತಿಗೆ ಕಳುಹಿಸಿದರು. 1963ರಿಂದ ದಕ್ಷಿಣ ರಾಜ್ಯಗಳ ಮೇಷ್ಟ್ರುಗಳಿಗೆಂದೇ ಇರುವ ಸಂಸ್ಥೆ ಅದು. ಅಲ್ಲಿ ಎನ್. ಎಸ್. ಪ್ರಭು ಎಂಬುವರ ಪ್ರಯೋಗದ ಬಗ್ಗೆ ಕೇಳಿದೆ. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸಿನ ಕಡೆಯ ಕೆಲವು ಸಾಧಾರಣ ಶಾಲೆಗಳಲ್ಲಿ ವ್ಯಾಕರಣದ ಪಟ್ಟಿ ಪಕ್ಕಕ್ಕಿಟ್ಟು ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕಾಶೆ ಕೊಟ್ಟು ಲೆಕ್ಕ ಬಿಡಿಸಲು ಹೇಳಿದ್ದರಂತೆ. ಮನಸ್ಸು ಲೆಕ್ಕದ ಮೇಲಿದ್ದಾಗ ಭಾಷೆ ತಾನೇ ಒಳಗೆ ಇಳಿಯುತ್ತದೆ ಎಂಬುದು ಅವರ ವಾದ. ಇಂದು ಜಗತ್ತಿನ ಎಷ್ಟೋ ಕಡೆ ಆ ಬಗೆಯಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ನಮ್ಮ ಕಡೆಯ ಶಾಲೆಗಳಲ್ಲಿ ಅದರ ಹೆಸರೂ ಕೇಳಿಬರುವುದಿಲ್ಲ.

ಊರಿಗೆ ಮರಳಿ ನಾನೂ ಒಂದು ಆಟ ಹೂಡಿದೆ. ಹಾಸನ ಬಸ್ ನಿಲ್ದಾಣದಿಂದ ಬೇಲೂರಿಗೆ ಹೋಗುವ ಬಸ್ಸುಗಳ ಸಮಯವನ್ನು ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಬರೆದೆ. ಅಜ್ಜಿ ಹತ್ತೂವರೆಗೆ ಬೇಲೂರಿನ ಆಸ್ಪತ್ರೆಯಲ್ಲಿರಬೇಕು, ದಾರಿ ಒಂದು ಗಂಟೆ, ಯಾವ ಬಸ್ಸು ಹತ್ತಿಸುತ್ತೀರಿ? ಕೂಡಿ ಕಳೆದು ಒಂಬತ್ತರ ಬಸ್ಸು ಎಂದು ಎಲ್ಲರೂ ಕೂಗಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ನೈನ್ ಬಸ್ ನೋ. ಎಯ್ಟ್ ಬಸ್. ಗ್ರ್ಯಾಂಡ್‌ಮದರ್, ಸೀಟ್" ಎಂದಳು. ಒಂಬತ್ತರ ಬಸ್ಸಿಗೆ ಕಾಲೇಜಿನ ಹುಡುಗರು ತುಂಬಿರುತ್ತಾರೆ, ಅಜ್ಜಿಗೆ ಕೂರಲು ಜಾಗ ಸಿಗುವುದಿಲ್ಲ. ಒಂದು ಕ್ರಿಯಾಪದವೂ ಇಲ್ಲದ ಮಾತು. ನಾನು ತಿದ್ದಲಿಲ್ಲ. ಆ ತರಗತಿಯಲ್ಲಿ ಯಾರೋ ಒಬ್ಬರು ತಮ್ಮ ತಲೆಯಲ್ಲಿದ್ದ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಿದ್ದು ಅದೇ ಮೊದಲು.

ಹುಣಸೆ ಮರದಡಿ (ಆಲೂರು)

ಮೇಷ್ಟ್ರೇ, ನಿಮ್ಮ ಬಗ್ಗೆ ಗೌರವವಿದೆ. ಆದರೆ ರಟ್ಟಿನ ವೇಳಾಪಟ್ಟಿ ಬರೆದ ಮೇಷ್ಟ್ರು ತಾಲ್ಲೂಕಿಗೆ ಎಷ್ಟು ಮಂದಿ ಇದ್ದರು? ನಮಗೆ ಸಿಗಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಶಾಲೆಗೇ ಮೊದಲಿಗನಾಗಿದ್ದೆ. ಹಾಸನಕ್ಕೆ ಬಂದು ಪಿಯುಸಿ ವಿಜ್ಞಾನ ಸೇರಿದೆ. ಮೊದಲ ದಿನ ಭೌತಶಾಸ್ತ್ರದವರು ಮುಕ್ಕಾಲು ಗಂಟೆ 'ಇನರ್ಷಿಯಾ' ಎಂಬುದರ ಬಗ್ಗೆ ಮಾತನಾಡಿದರು. ಅದೇನೋ ಹೊಸ ಕಾಯಿಲೆ ಇರಬೇಕೆಂದು ನಾನು ಕುಳಿತಿದ್ದೆ. ಜಡತ್ವ! ಬಸ್ಸು ಬ್ರೇಕ್ ಹಾಕಿದರೆ ನಾವು ಏಕೆ ಮುಗ್ಗರಿಸುತ್ತೇವೆ ಎಂದು ನಾನು ಒಂಬತ್ತನೆಯ ತರಗತಿಯಲ್ಲೇ ಚಿತ್ರ ಬರೆದು ವಿವರಿಸಿದ್ದ ಅದೇ ಜಡತ್ವ. ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ, ಗುರುತ್ವ ಎಲ್ಲವೂ ಒಂದೇ ಬೇಸಿಗೆಯಲ್ಲಿ ಹೆಸರು ಬದಲಿಸಿಕೊಂಡಿದ್ದವು. ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ನಾಲ್ಕು ಅಂಕ. ಹಾಸ್ಟೆಲಿನ ಮಹಡಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಕುಳಿತು ಅತ್ತಿದ್ದೇನೆ. ಪಕ್ಕದಲ್ಲಿ ಅರಕಲಗೂಡಿನ ಹುಡುಗನೂ ಅಳುತ್ತಿದ್ದ. ನಾವು ಸ್ನೇಹಿತರಾದದ್ದೇ ಹಾಗೆ.

ಇಬ್ಬರೂ ಉದ್ದನೆಯ ನೋಟ್‌ಬುಕ್ ಕೊಂಡು ನಡುವೆ ಗೆರೆ ಎಳೆದೆವು. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ದಿನಕ್ಕೆ ಇಪ್ಪತ್ತು ಪದ. ದೀಪಾವಳಿಯ ಹೊತ್ತಿಗೆ ತರಗತಿಯಲ್ಲಿ ಹೇಳುತ್ತಿದ್ದುದು ಅರ್ಥವಾಗತೊಡಗಿತು, ವರ್ಷದ ಕೊನೆಗೆ ಪಾಸಾದೆವು. ಈಗ ನಾನು ಎಂಜಿನಿಯರ್, ಕೆಲಸವೆಲ್ಲ ಇಂಗ್ಲಿಷಿನಲ್ಲೇ. ಆದರೆ ಆ ಆರು ತಿಂಗಳಲ್ಲಿ ನಮ್ಮ ಜೊತೆ ಸೇರಿದ್ದ ಹನ್ನೊಂದು ಹಳ್ಳಿ ಹುಡುಗರಲ್ಲಿ ಐವರು ಕಲಾ ವಿಭಾಗಕ್ಕೆ ಹೋದರು, ಇಬ್ಬರು ಊರಿಗೇ ಮರಳಿದರು. ಅವರು ದಡ್ಡರಾಗಿರಲಿಲ್ಲ.

ಆದ್ದರಿಂದ ನನ್ನ ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೇ ಹಾಕಿದ್ದೇನೆ, ನಾಚಿಕೆಯಿಲ್ಲ. ನಾಲ್ಕನೆಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕು ಎಂದು 1994ರಲ್ಲಿ ಸರ್ಕಾರ ಆದೇಶ ಹೊರಡಿಸಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇರುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಕನ್ನಡ ಉಳಿಯಲಿ ಎಂದು ಭಾಷಣ ಮಾಡುವವರ ಮಕ್ಕಳು ಎಲ್ಲಿ ಓದುತ್ತಾರೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು.

ನುಡಿಗಂಟು (ಚಿಕ್ಕಮಗಳೂರು, ಸದ್ಯ ಮೈಸೂರು)

ಆಲೂರಿನವರ ಸಿಟ್ಟು ನ್ಯಾಯವಾದದ್ದು. ಆದರೆ ಅವರ ಕಥೆಯೇ ಅವರ ತೀರ್ಮಾನಕ್ಕೆ ಎದುರು ಸಾಕ್ಷಿ ಹೇಳುತ್ತಿದೆ.

ಆರು ತಿಂಗಳಲ್ಲಿ ದಡ ಸೇರಿದ್ದು ಹೇಗೆ? ಜಡತ್ವ ಎಂದರೇನು ಎಂಬುದು ಎಡಗಡೆಯ ಸಾಲಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಬಲಗಡೆಗೆ ಹೆಸರನ್ನಷ್ಟೇ ದಾಟಿಸಬೇಕಿತ್ತು. ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮ್ಮಿನ್ಸ್ ಹೇಳುವುದೂ ಇದನ್ನೇ: ಒಂದು ಭಾಷೆಯಲ್ಲಿ ಗಳಿಸಿದ ತಿಳಿವಳಿಕೆ ಇನ್ನೊಂದಕ್ಕೂ ಒದಗುತ್ತದೆ. 1979ರಲ್ಲಿ ಅವರು ಇನ್ನೊಂದು ವ್ಯತ್ಯಾಸವನ್ನೂ ತೋರಿಸಿದರು. ಹೊಸ ಭಾಷೆಯಲ್ಲಿ ಆಟದ ಬಯಲಿನ ಮಾತು ಒಂದೆರಡು ವರ್ಷಕ್ಕೆ ಬರುತ್ತದೆ. ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಮುತ್ತ ಎಲ್ಲರೂ ಇಂಗ್ಲಿಷ್ ಆಡುವ ಊರಿನ ಲೆಕ್ಕ. ಹಾಸನದ ಮಗುವಿಗೆ ಆಟದ ಬಯಲಿನ ಇಂಗ್ಲಿಷ್ ಸಿಗುವುದೇ ಇಲ್ಲ, ನೇರವಾಗಿ ಪಾಠದ ಇಂಗ್ಲಿಷ್ ಮೈಮೇಲೆ ಬೀಳುತ್ತದೆ. ಅದಕ್ಕೇ ಸಾಲಗಾಮೆ ರಸ್ತೆಯವರ ಮಗಳಿಗೆ ಎರಡೂ ಸಾಲುಗಳು ಖಾಲಿ. ನೇಗಿಲೂ ಇಲ್ಲ, ಪ್ಲೌ ಕೂಡ ಇಲ್ಲ. ಬರಿಯ ಸದ್ದು ಇದೆ.

ವಯಸ್ಸಿನ ಮಾತೂ ಇಲ್ಲಿ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. 2018ರಲ್ಲಿ ಸುಮಾರು 6.7 ಲಕ್ಷ ಜನರನ್ನು ಅಂತರ್ಜಾಲದ ರಸಪ್ರಶ್ನೆಯ ಮೂಲಕ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ವ್ಯಾಕರಣ ಹಿಡಿಯುವ ಶಕ್ತಿ ಹದಿನೇಳರ ಆಸುಪಾಸಿನವರೆಗೂ ಕುಗ್ಗುವುದಿಲ್ಲ ಎಂದು ಅದು ಕಂಡುಕೊಂಡಿತು. ಹುಟ್ಟಾ ಮಾತುಗಾರರಂತೆಯೇ ಆಗಬೇಕಾದರೆ ಮಾತ್ರ ಹತ್ತರ ಆಸುಪಾಸಿನೊಳಗೆ ಶುರುವಾಗಬೇಕು. ಎಲ್‌ಕೆಜಿಗೆ ತಪ್ಪಿದರೆ ಬಾಗಿಲು ಮುಚ್ಚಿತು ಎನ್ನುವುದು ಶುಲ್ಕ ತೆಗೆದುಕೊಳ್ಳುವವರ ಮಾತು.

ಹುಣಸೆ ಮರದಡಿ (ಆಲೂರು)

ಎಡಗಡೆಯ ಸಾಲು ಗಟ್ಟಿ ಎಂದು ಮೈಸೂರಿನಲ್ಲಿ ಕುಳಿತು ಹೇಳುವುದು ಸುಲಭ. ಬಲಗಡೆಯ ಸಾಲು ಖಾಲಿ ಇದ್ದದ್ದಕ್ಕೆ ಊರಿಗೆ ಮರಳಿದ ಇಬ್ಬರಿಗೆ ಹೋಗಿ ಹೇಳಿ ನೋಡೋಣ.

ನುಡಿಗಂಟು (ಚಿಕ್ಕಮಗಳೂರು, ಸದ್ಯ ಮೈಸೂರು)

ಒಪ್ಪಿದೆ. ಬಲಗಡೆಯ ಸಾಲನ್ನು ಐದನೆಯ ತರಗತಿಯಿಂದಲೇ ತುಂಬಿಸುತ್ತಾ ಬರಬೇಕಿತ್ತು, ವಿಜ್ಞಾನದ ಪದ ಸಮೇತ. ಅದು ಶಾಲೆಯ ತಪ್ಪು, ಕನ್ನಡದ್ದಲ್ಲ.

ಪೆನ್ಷನ್ ಮೊಹಲ್ಲಾ (ಹಾಸನ)

ನೀವೆಲ್ಲ ಕನ್ನಡ ಒಂದು, ಇಂಗ್ಲಿಷ್ ಎರಡು ಎಂದು ಎಣಿಸುತ್ತಿದ್ದೀರಿ. ನಮ್ಮ ಮನೆಯ ಎಣಿಕೆ ಬೇರೆ. ಅಮ್ಮನ ಜೊತೆ ದಖನಿ ಉರ್ದು, ಮದರಸದಲ್ಲಿ ಅರಬ್ಬಿ ಅಕ್ಷರ, ಬೀದಿಯಲ್ಲಿ ಕನ್ನಡ, ಆಮೇಲೆ ಶಾಲೆಯಲ್ಲಿ ಹಿಂದಿ, ಇಂಗ್ಲಿಷ್. ಇಂಗ್ಲಿಷ್ ಬರುವ ಹೊತ್ತಿಗೆ ಹೊಸ ಭಾಷೆ ಎಂದರೆ ಮನೆಗೆ ಬಂದ ಇನ್ನೊಬ್ಬ ನೆಂಟ, ಅಷ್ಟೇ. ಹೆದರಿಕೆ ಆಗಲಿಲ್ಲ. ಮೊದಮೊದಲು ತಪ್ಪು ತಪ್ಪಾಗಿ ಮಾತನಾಡುವುದು ನಮಗೆ ಕನ್ನಡದಲ್ಲೇ ಅಭ್ಯಾಸವಾಗಿತ್ತು. 'ಅಮ್ಮ ಬಂದ' ಎಂದು ಹೇಳಿ ತರಗತಿಯಲ್ಲಿ ನಗಿಸಿದವಳು ನಾನು.

ನಮ್ಮ ಊರಿನ ಬಾನು ಮುಷ್ತಾಕ್ ಅವರನ್ನೇ ನೋಡಿ. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ. ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಅದೇ ಕನ್ನಡದಲ್ಲಿ ಬರೆದ ಕಥೆಗಳು ದೀಪಾ ಭಾಸ್ತಿಯವರ ಕೈಯಲ್ಲಿ ಇಂಗ್ಲಿಷಿಗೆ ಹೋಗಿ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ತಂದವು. ಮನೆಯಲ್ಲಿ ಕನ್ನಡ ಮಾತನಾಡಿಸಿ ಎಂದು ಆ ಮನೆಗೆ ಯಾರಾದರೂ ಹೇಳಿದ್ದರೇ ಎಂದು ನನಗೆ ಕುತೂಹಲ.

ಆಟೋಗ್ರಾಫ್ (ಜಾವಗಲ್)

ನನ್ನದು ರೇಡಿಯೊ. ಕ್ರಿಕೆಟ್ ವೀಕ್ಷಕ ವಿವರಣೆ ಸ್ವಲ್ಪ ಹೊತ್ತು ಹಿಂದಿ, ಸ್ವಲ್ಪ ಹೊತ್ತು ಇಂಗ್ಲಿಷ್. ಎರಡೂ ತಿಳಿಯದ ನಾನು ದನಿಯ ಏರಿಳಿತದಲ್ಲೇ ಔಟೋ ಫೋರೋ ಎಂದು ಊಹಿಸುತ್ತಿದ್ದೆ. 1996ರ ಅಕ್ಟೋಬರ್ 21, ಬೆಂಗಳೂರು, ಆಸ್ಟ್ರೇಲಿಯಾ ಎದುರು. ಎಂಟು ವಿಕೆಟ್ ಬಿದ್ದ ಮೇಲೆ ನಮ್ಮೂರಿನ ಹೆಸರು ಹೊತ್ತ ಶ್ರೀನಾಥರು ಕುಂಬ್ಳೆ ಜೊತೆ 52 ಓಟ ಸೇರಿಸಿ ಗೆಲ್ಲಿಸಿದ ರಾತ್ರಿ. 'ನೀಡ್' ಎಂದರೆ ಬೇಕು, 'ರಿಕ್ವೈರ್ಡ್' ಎಂದರೂ ಬೇಕು ಎಂದು ಆ ರಾತ್ರಿ ತಿಳಿಯಿತು. ಯಾರೂ ಅರ್ಥ ಹೇಳಲಿಲ್ಲ. ಪ್ರತಿ ಓವರಿಗೂ ಎಷ್ಟು ಬೇಕು ಎಂದು ನನಗೇ ಬೇಕಾಗಿತ್ತು.

ಕಲ್ಲಿನ ನೆರಳು (ಬೇಲೂರು)

ನಾನು ಗೈಡ್. ಓದಿದ್ದು ಹತ್ತನೆಯವರೆಗೆ. ದೇವಸ್ಥಾನದ ಮುಂದೆ ನಿಂತು ಹಿರಿಯ ಗೈಡೊಬ್ಬರು ಹೇಳುವುದನ್ನು ಕೇಳಿ ಕೇಳಿ ಇಂಗ್ಲಿಷ್ ಬಾಯಿಪಾಠ ಮಾಡಿದೆ. 1117, ವಿಷ್ಣುವರ್ಧನ, ನಕ್ಷತ್ರಾಕಾರದ ಜಗಲಿ, ಮದನಿಕೆಯರು, ಎಲ್ಲ ಒಂದೇ ಉಸಿರಿಗೆ. ಮಂತ್ರದ ಹಾಗೆ. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಸಾಲಗಾಮೆ ರಸ್ತೆ ಅಕ್ಕ, ನಿಮ್ಮ ಮಗಳು ಓದುವುದು ಕೇಳಿಸಿದ ಹಾಗೇ ಆಯಿತು ನನಗೆ.

ಒಂದು ದಿನ ವಯಸ್ಸಾದ ವಿದೇಶಿ ಹೆಂಗಸೊಬ್ಬರು ದರ್ಪಣ ಸುಂದರಿಯ ಎದುರು ನಿಂತು ನನ್ನ ಮಂತ್ರವನ್ನೆಲ್ಲ ಸಮಾಧಾನದಿಂದ ಕೇಳಿದರು. ಆಮೇಲೆ ಕೈಯೆತ್ತಿ ತೋರಿಸಿ, ಅವಳು ಕನ್ನಡಿ ನೋಡುತ್ತಿದ್ದಾಳಲ್ಲ, ಅವಳಿಗೆ ತನ್ನ ಮುಖ ಇಷ್ಟವಾಗಿದೆಯೇ ಎಂದು ಕೇಳಿದರು. ಹದಿನೈದು ಸೆಕೆಂಡು ನಾನು ಸುಮ್ಮನಿದ್ದೆ. ಇಷ್ಟು ವರ್ಷ ತೋರಿಸಿದ್ದೇನೆ, ಅವಳ ಮುಖವನ್ನು ನಾನೇ ಸರಿಯಾಗಿ ನೋಡಿರಲಿಲ್ಲ. ನೋಡಿದೆ. "ಲಿಟಲ್ ಲೈಕ್. ಲಿಟಲ್ ಡೌಟ್" ಎಂದೆ. ಅವರು ನಗಲಿಲ್ಲ, ತಲೆಯಾಡಿಸಿದರು. ಅಂದಿನಿಂದ ನಾನು ಪ್ರಶ್ನೆಗೆ ಕಾಯುತ್ತೇನೆ. 2023ರಲ್ಲಿ ದೇವಸ್ಥಾನ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರಶ್ನೆ ಕೇಳುವವರು ಮೊದಲಿಗಿಂತ ಹೆಚ್ಚಾಗಿ ಬರುತ್ತಿದ್ದಾರೆ.

ಇನ್ನೊಂದು ಮಾತು. ನಮ್ಮ ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಜನ ಕೂದಲಿನ ಎಣ್ಣೆ ಮಾರಲು ದೇಶ ದೇಶ ಸುತ್ತುತ್ತಾರೆ. ಮನೆಯಲ್ಲಿ ಅವರದೇ ವಾಗ್ರಿ ಭಾಷೆ. ಹೋದ ಕಡೆಯ ಭಾಷೆಯಲ್ಲಿ ವ್ಯಾಪಾರ ಕುದುರಿಸಿ ಬರುತ್ತಾರೆ. ಯಾವ ಮಾಧ್ಯಮದಲ್ಲಿ ಓದಿದಿರಿ ಎಂದು ಅವರನ್ನು ಕೇಳಿ ನೋಡಿ.

ಮಲೆನಾಡಿನ ಮಳೆ (ಕೊಪ್ಪ)

ಇಷ್ಟೆಲ್ಲ ಚರ್ಚೆಯಾದರೂ ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದವರನ್ನು ಯಾರೂ ನೆನೆಯಲಿಲ್ಲವಲ್ಲ. ಕುವೆಂಪು ಮೈಸೂರಿನಲ್ಲಿ ಓದುವಾಗ ಬರೆಯುತ್ತಿದ್ದುದು ಇಂಗ್ಲಿಷ್ ಕವಿತೆ. ಕನ್ನಡದಲ್ಲಿ ಬರೆಯಿರಿ ಎಂದು ಅವರಿಗೆ ಹೇಳಲು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಬರಬೇಕಾಯಿತು.

ತೆಂಗಿನ ಸೀಮೆ (ಅರಸೀಕೆರೆ)

ಕುವೆಂಪು ಕುಪ್ಪಳಿಯವರಲ್ಲವೇ?

ಮಲೆನಾಡಿನ ಮಳೆ (ಕೊಪ್ಪ)

ಬೆಳೆದದ್ದು ಕುಪ್ಪಳಿ. ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29. ಈ ಜಗಳ ನಮಗೆ ಹಳೆಯದು, ಬಿಡಿ.

ಬಿಳಿ ಕೋಟು (ಸಕಲೇಶಪುರ, ಸದ್ಯ ಬೆಂಗಳೂರು)

ಓದುವುದು, ಬರೆಯುವುದು ಎಲ್ಲ ಆಯಿತು. ಬಾಯಿಯ ಬಗ್ಗೆ ಯಾರೂ ಹೇಳಲಿಲ್ಲ.

ನಾನು ನರ್ಸ್. ಮೊದಲ ಸಂದರ್ಶನದಲ್ಲಿ ಯಾವ ಊರು ಎಂದರು. "ಆಸನ್" ಎಂದೆ. ನಮ್ಮ ಹಳ್ಳಿಯ ಕಡೆ ಹಕಾರಕ್ಕೆ ಅಷ್ಟೇನೂ ಮರ್ಯಾದೆ ಇಲ್ಲ, ಹಾಲು ಆಲು, ಹಾವು ಆವು. ಎದುರಿಗಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆ ನಗು ಎರಡು ವರ್ಷ ನನ್ನ ಬಾಯಿ ಕಟ್ಟಿತು. ಅರ್ಥವೆಲ್ಲ ಆಗುತ್ತಿತ್ತು, ವೈದ್ಯರು ಹೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳುತ್ತಿದ್ದೆ, ಉತ್ತರ ಮಾತ್ರ ತಲೆಯಾಡಿಸುವುದರಲ್ಲೇ. ಆಮೇಲೆ ಹಟಕ್ಕೆ ಬಿದ್ದು ಕಂಡ ಕಂಡಲ್ಲಿ ಹಕಾರ ತುಂಬಿದೆ. ಮೊಟ್ಟೆಗೆ 'ಯೆಗ್' ಎನ್ನುತ್ತಿದ್ದವಳು 'ಹೆಗ್' ಎಂದೆ. ರೋಗಿಗೆ ಒಂದು 'ಹವರ್' ಕಾಯಿರಿ ಎಂದೆ.

ಬಿಡಿಸಿದ್ದು ಯಾರು ಗೊತ್ತೇ? ರಾತ್ರಿ ಪಾಳಿಯ ಮಣಿಪುರದ ಹುಡುಗಿ. ಅವಳಿಗೆ ಕನ್ನಡ ಬಾರದು, ನನಗೆ ಅವಳ ಭಾಷೆ ಬಾರದು, ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ. ಇಂಗ್ಲಿಷಿನಲ್ಲಿ ಇಬ್ಬರೂ ಬಡವರು. ಬೆಳಗಿನ ಜಾವ ಮೂರು ಗಂಟೆಗೆ ಚಹಾ ಕುಡಿಯುತ್ತಾ ಅವಳು ತನ್ನ ಊರಿನ ಮೀನಿನ ಸಾರಿನ ಬಗ್ಗೆ ಹೇಳುತ್ತಿದ್ದಳು, ನಾನು ಅಕ್ಕಿ ಕಡುಬಿನ ಬಗ್ಗೆ. ನಗುವವರು ಯಾರೂ ಇರಲಿಲ್ಲ. ಹಕಾರ ಅದರ ಪಾಡಿಗೆ ಅದು ಸರಿಹೋಯಿತು.

ಸಾಲಗಾಮೆ ರಸ್ತೆ (ಹಾಸನ)

ಎರಡು ವಾರವಾಯಿತು, ಬಂದು ಹೇಳಬೇಕು ಎನಿಸಿತು. ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಇಂಗ್ಲಿಷ್ ಮಾತನಾಡುವುದನ್ನು ಬಿಟ್ಟೆ. ಈಗ ಪಾಠ ಓದಿದ ಮೇಲೆ ಅದರಲ್ಲಿ ಏನಾಯಿತು ಎಂದು ನನಗೆ ಕನ್ನಡದಲ್ಲಿ ಹೇಳಬೇಕು. ಮೊದಲ ದಿನ ಬಿಕ್ಕಿ ಬಿಕ್ಕಿ ಅತ್ತಳು. ಕಥೆ ಗೊತ್ತಿಲ್ಲದ್ದು ಅವಳಿಗೇ ಅಂದು ಗೊತ್ತಾಯಿತು. ಆಲೂರಿನವರ ಗೆರೆ ಎಳೆದ ನೋಟ್‌ಬುಕ್ ಕೊಡಿಸಿದ್ದೇನೆ. ಮೂಡಿಗೆರೆಯವರ ಮಾತು ಕೇಳಿ ಕುಕ್ಕರಿನ ಹೊಸ ಗ್ಯಾಸ್ಕೆಟ್ ತಂದಾಗ ಅದರ ಚೀಟಿಯನ್ನು ಅವಳಿಂದಲೇ ಓದಿಸಿದೆ. ಎರಡು ಪದ ಇಬ್ಬರಿಗೂ ತಿಳಿಯಲಿಲ್ಲ. ಆದರೂ ಕುಕ್ಕರ್ ಕೂಗಿತು. ಅವಳು ಅಪ್ಪನಿಗೆ ಫೋನ್ ಮಾಡಿ ತಾನೇ ಸರಿಮಾಡಿದೆ ಎಂದು ಹೇಳಿಕೊಂಡಳು.

ಭಾನುವಾರ ದುದ್ದಕ್ಕೆ ಹೋಗಿದ್ದೆವು. ರೈತನ ಪಾಠವನ್ನು ಅಜ್ಜಿಗೆ ಹೇಳು ಎಂದೆ. ಹೇಳಿದಳು. ಅಜ್ಜಿ ಎಲ್ಲ ಕೇಳಿ, "ಉತ್ತಿದ್ದು ಸರಿ, ಯಾವುದರಲ್ಲಿ ಉತ್ತ?" ಎಂದರು. ಪ್ಲೌ ಎಂದಳು. ಅಜ್ಜಿ ನನ್ನ ಗಂಡನನ್ನು ಅಟ್ಟ ಹತ್ತಿಸಿದರು. ನೇಗಿಲು ಕೆಳಗಿಳಿಯಿತು, ಜೇಡರ ಬಲೆ ಸಮೇತ. ಅಜ್ಜಿ ಒಂದೊಂದನ್ನೇ ಮುಟ್ಟಿ ತೋರಿಸಿದರು: ಕೈಯಲ್ಲಿ ಹಿಡಿಯುವುದು ಮೇಣಿ, ಉದ್ದನೆಯ ಮರ ಈಸು, ಮಣ್ಣಿಗಿಳಿಯುವ ಕಬ್ಬಿಣ ಗುಳ. ಮಗಳು ಎಡಗಡೆಯ ಸಾಲಿನಲ್ಲಿ ಬರೆದುಕೊಂಡಳು. ಬಲಗಡೆ ಖಾಲಿ ಬಿಟ್ಟು ನನ್ನ ಮುಖ ನೋಡಿದಳು.

ನನಗೆ ಗೊತ್ತಿಲ್ಲ. ಗುಳಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ನಿವೃತ್ತ ಮೇಷ್ಟ್ರು (ಚನ್ನರಾಯಪಟ್ಟಣ)

'ಪ್ಲೌಷೇರ್', ತಾಯಿ. ಬರಿಯ 'ಷೇರ್' ಎಂದರೂ ನಡೆಯುತ್ತದೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನು ಈಗ ನಿಘಂಟು ನೋಡಿ ಹೇಳುತ್ತಿದ್ದೇನೆ. ಮೇಣಿ, ಗುಳ ಎರಡೂ ನನಗೆ ಗೊತ್ತಿದ್ದವು. ಇಂಗ್ಲಿಷಿನಲ್ಲಿ ನನ್ನ ನೇಗಿಲಿಗೂ ಗುಳ ಇರಲಿಲ್ಲ.

ಕಾಫಿಕಣ (ಮೂಡಿಗೆರೆ)

ಷೇರ್ ಎಂದರೆ ಮಾರುಕಟ್ಟೆಯದು ಒಂದೇ ಎಂದುಕೊಂಡಿದ್ದೆ. ಅದರಲ್ಲೂ ನನ್ನ ಹೊಲ ಉತ್ತುಹೋಗಿದೆ.

ಸಾಲಗಾಮೆ ರಸ್ತೆ (ಹಾಸನ)

ಮಗಳು ಅಜ್ಜಿಗೆ ಫೋನ್ ಮಾಡಿ ಹೇಳಿದಳು. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ಸರಿ, ನೊಗಕ್ಕೆ?" ಎಂದರಂತೆ.